ಸೀನಿಯರ್ ಆಟಗಾರನನ್ನು ಕೊಡೋದು ಯಾವಾಗ? ಪಾಲ್ ಜಾರ್ಜ್ ಟ್ರೇಡ್ ಮುಂದಿಟ್ಟುಕೊಂಡು ಒಂದು ಚರ್ಚೆ

ಓಕೆಸಿ_ಮುಂಜಾನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. 2025ರ ಜೂನ್ 23ರ ಸೋಮವಾರ ಅಲಾರಂ ಇಟ್ಟು ಎದ್ದವರು ಇಲ್ಲಿ ಎಷ್ಟು ಜನ? ಬೆಳಿಗ್ಗೆ ಐದೂವರೆಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯ ಶುರುವಾಯಿತು. ಓಕ್ಲಹೋಮಾ ಸಿಟಿ ಥಂಡರ್ 103, ಇಂಡಿಯಾನಾ ಪೇಸರ್ಸ್ 91. ನಾನು 2012ರಿಂದ ಓಕ್ಲಹೋಮಾ ಸಿಟಿ ತಂಡವನ್ನು ನೋಡುತ್ತಿದ್ದೇನೆ. ಅವತ್ತು ಮನೆಯವರು ಎದ್ದು ಬರುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರಿತ್ತು.

ಆವತ್ತಿನಿಂದ ತಲೆಯಲ್ಲಿ ಒಂದೇ ವಿಷಯ ಓಡುತ್ತಿದೆ. ಈ ಕಪ್‌ಗೆ ಬೀಜ ಬಿದ್ದಿದ್ದು 2019ರ ಜುಲೈನಲ್ಲಿ, ನಮ್ಮ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್ ತಂಡಕ್ಕೆ ಟ್ರೇಡ್ ಮಾಡಿದ, ಅಂದರೆ ಬದಲಿಗೆ ಬೇರೆಯದನ್ನು ಪಡೆದು ಕೊಟ್ಟ ದಿನ. ಆಗ ಅವನಿಗೆ 29 ವರ್ಷ. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 28 ಪಾಯಿಂಟ್ ಹೊಡೆದು ಎಂವಿಪಿ (ಅತ್ಯುತ್ತಮ ಆಟಗಾರ) ಮತದಲ್ಲಿ ಮೂರನೆಯವನಾಗಿದ್ದ. ಅಂಥವನೇ ಬಂದು ನನ್ನನ್ನು ಬಿಡಿ ಅಂದ. ನಮಗೆ ಬಂದಿದ್ದು ಶೇ ಗಿಲ್ಜಸ್-ಅಲೆಕ್ಸಾಂಡರ್, ಡನಿಲೊ ಗಲಿನಾರಿ, ಐದು ಫಸ್ಟ್ ರೌಂಡ್ ಪಿಕ್ (ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನ ಸರದಿ; ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮುಂಚಿನ ಸರದಿ), ಅದರ ಮೇಲೆ ಎರಡು ವರ್ಷ, ಅವರ ಪಿಕ್ ನಮ್ಮದಕ್ಕಿಂತ ಮೇಲಿದ್ದರೆ ಅದಲು ಬದಲು ಮಾಡಿಕೊಳ್ಳುವ ಹಕ್ಕು. ಐದರಲ್ಲಿ ಮೂರು ಕ್ಲಿಪ್ಪರ್ಸ್‌ದು (2022, 2024, 2026), ಎರಡು ಮಯಾಮಿದು.

ಇಷ್ಟೆಲ್ಲ ಹೇಗೆ ಸಿಕ್ಕಿತು? ಕ್ಲಿಪ್ಪರ್ಸ್‌ಗೆ ಆವತ್ತು ಕವಾಯ್ ಲೆನರ್ಡ್ ಬೇಕಿತ್ತು. ಜೊತೆಗೆ ಇನ್ನೊಬ್ಬ ಸ್ಟಾರ್ ಇದ್ದರೆ ಮಾತ್ರ ಅವನು ಬರುತ್ತಿದ್ದ. ಲೇಕರ್ಸ್ ಮತ್ತು ಟೊರಾಂಟೊ ಕೂಡ ಅವನಿಗಾಗಿ ಕಾಯುತ್ತಿದ್ದವು. ಅಂದರೆ ನಮ್ಮ ತಂಡ ಕಟ್ಟುವ ಸ್ಯಾಮ್ ಪ್ರೆಸ್ಟಿ ಒಬ್ಬ ಆಟಗಾರನನ್ನು ಕೊಟ್ಟಿದ್ದು, ಕ್ಲಿಪ್ಪರ್ಸ್ ಇಬ್ಬರಿಗೆ ಬೆಲೆ ಕಟ್ಟಿದ್ದು.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ವಯಸ್ಸಾಯಿತು ಅಂತ ಸೀನಿಯರ್‌ನ ಕೊಡಬಾರದು. ರೀಬಿಲ್ಡ್ (ಹುಡುಗರನ್ನಿಟ್ಟು ತಂಡ ಹೊಸದಾಗಿ ಕಟ್ಟುವುದು) ಶುರುವಾಯಿತು ಅಂತಲೂ ಸುಮ್ನೆ ಕೊಡಬಾರದು. ಎದುರಿನ ತಂಡಕ್ಕೆ ಅವಸರ ಇದ್ದಾಗ ಕೊಡಬೇಕು. ಅಲ್ಲಿಯ ತನಕ ಅವನಿಂದ ಹುಡುಗರು ಕಲಿಯಲಿ. ನಿಮಗೆಲ್ಲ ಏನನ್ನಿಸುತ್ತದೆ?

ಹಸಿರು_18 (ಶಿವಮೊಗ್ಗ)

ಮೊದಲಿಗೆ ಅಭಿನಂದನೆ ಗುರು. ನಿಮ್ಮ ಮಾತಿಗೆ ನಮ್ಮ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದಿಲ್ಲ.

2013ರಲ್ಲಿ ನಮ್ಮ ಕೆವಿನ್ ಗಾರ್ನೆಟ್‌ಗೆ 37 ವರ್ಷ, ಪಾಲ್ ಪಿಯರ್ಸ್‌ಗೆ 35. ಇಬ್ಬರ ಒಳ್ಳೆ ದಿನ ಮುಗಿದಿದ್ದವು ಅಂತ ಬಾಸ್ಟನ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಬ್ರೂಕ್ಲಿನ್ ನೆಟ್ಸ್ ಆಗಷ್ಟೇ ನ್ಯೂ ಜೆರ್ಸಿಯಿಂದ ಹೊಸ ಊರಿಗೆ, ಹೊಸ ಅರೀನಾಗೆ ಬಂದಿತ್ತು. ಮಾಲೀಕರಿಗೆ ಕಪ್ ಬೇಕಿತ್ತು, ಅದೂ ಬೇಗ. ನಮ್ಮ ತಂಡ ಕಟ್ಟುತ್ತಿದ್ದ ಡ್ಯಾನಿ ಏಂಜ್ ಇಬ್ಬರನ್ನೂ ಬ್ರೂಕ್ಲಿನ್‌ಗೆ ಕೊಟ್ಟು, ಅಲ್ಲಿಂದ 2014, 2016, 2018ರ ಫಸ್ಟ್ ರೌಂಡ್ ಪಿಕ್ ಕಿತ್ತುಕೊಂಡರು. 2017ಕ್ಕೆ ಅದಲು ಬದಲು ಹಕ್ಕು ಬೇರೆ.

ಅವರಿಬ್ಬರನ್ನು ಇಟ್ಟುಕೊಂಡು ಬ್ರೂಕ್ಲಿನ್ ಒಂದೇ ಒಂದು ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಸರಣಿ ಗೆದ್ದಿತು, ಟೊರಾಂಟೊ ಮೇಲೆ ಏಳು ಪಂದ್ಯ ಆಡಿ. ಆಮೇಲೆ ತಂಡ ಕುಸಿಯಿತು. 2015-16ರಲ್ಲಿ 21 ಗೆಲುವು, ಮರುವರ್ಷ 20. ಅವರ ಸೋಲೆಲ್ಲ ನಮ್ಮ ಜೇಬಿಗೆ. 2016ರಲ್ಲಿ 3ನೇ ಸರದಿಗೆ ಜೇಲನ್ ಬ್ರೌನ್ ಬಂದ. 2017ರಲ್ಲಿ ಮೊದಲ ಸರದಿಯೇ ಸಿಕ್ಕಿತು. ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು 3ನೇ ಸರದಿ ಮತ್ತು ಇನ್ನೊಂದು ಪಿಕ್ ತೆಗೆದುಕೊಂಡು ಜೇಸನ್ ಟೇಟಮ್‌ನನ್ನು ಆರಿಸಿದರು. 2024ರಲ್ಲಿ ಅದೇ ಇಬ್ಬರು 18ನೇ ಕಪ್ ತಂದುಕೊಟ್ಟರು.

2014ರ ಪಿಕ್ ಮಾತ್ರ 17ನೇ ಸರದಿ ಆಯಿತು. ಆ ಹುಡುಗ ನಿಲ್ಲಲಿಲ್ಲ. ಕಾರಣ, ಆ ವರ್ಷ ಬ್ರೂಕ್ಲಿನ್ ಇನ್ನೂ ಗಟ್ಟಿಯಾಗಿತ್ತು. ಪಿಕ್ ಎಷ್ಟು ದೂರದ ವರ್ಷದ್ದೋ ಅಷ್ಟು ಒಳ್ಳೆಯದು, ಸೀನಿಯರ್‌ನ ಕೊಂಡ ತಂಡ ಅಷ್ಟರಲ್ಲಿ ಮುದಿಯಾಗಿರುತ್ತದೆ.

ಜಾಝ್_ಹುಡುಗ (ಹುಬ್ಬಳ್ಳಿ)

ಸರ್, ನಾನು ಇದಕ್ಕೆ ಒಪ್ಪುವುದಿಲ್ಲ. ನೋವಿನಿಂದ ಹೇಳುತ್ತಿದ್ದೇನೆ.

2022ರ ಬೇಸಿಗೆಯಲ್ಲಿ ನಮ್ಮ ಯೂಟಾ ಜಾಝ್ ನೀವು ಹೇಳಿದ ಹಾಗೇ ಮಾಡಿತು. ಏಂಜ್ ಅವರೇ ಆಗ ನಮ್ಮಲ್ಲಿದ್ದರು. ಮಿನೆಸೋಟಾಗೆ ಅವಸರ ಇತ್ತು, ರೂಡಿ ಗೋಬೇರ್‌ನನ್ನು ಕೊಟ್ಟು ನಾಲ್ಕು ಫಸ್ಟ್ ರೌಂಡ್ ಪಿಕ್, ವಾಕರ್ ಕೆಸ್ಲರ್, ಇನ್ನೂ ನಾಲ್ಕು ಆಟಗಾರರನ್ನು ತಂದೆವು. ಕ್ಲೀವ್‌ಲ್ಯಾಂಡ್‌ಗೂ ಅವಸರ ಇತ್ತು. ಡಾನವನ್ ಮಿಚೆಲ್‌ನನ್ನು ಕೊಟ್ಟು ಲೌರಿ ಮಾರ್ಕನೆನ್, ಕಾಲಿನ್ ಸೆಕ್ಸ್‌ಟನ್, ಒಚಾಯ್ ಅಗ್ಬಾಜಿ, ಮೂರು ಫಸ್ಟ್ ರೌಂಡ್ ಪಿಕ್ ತಂದೆವು. ಅವತ್ತು ಎಲ್ಲರೂ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು.

ಆದರೆ ಕೊಂಡ ತಂಡಗಳು ಕುಸಿಯಲೇ ಇಲ್ಲ. ಮಿನೆಸೋಟಾ 2024 ಮತ್ತು 2025, ಎರಡು ವರ್ಷ ಸಾಲಾಗಿ ವೆಸ್ಟ್ (ಪಶ್ಚಿಮ ವಿಭಾಗದ) ಫೈನಲ್‌ಗೆ ಹೋಯಿತು. ಕ್ಲೀವ್‌ಲ್ಯಾಂಡ್ ಈ ವರ್ಷ 64 ಪಂದ್ಯ ಗೆದ್ದಿತು. ಗೆಲ್ಲುವ ತಂಡದ ಪಿಕ್ ಅಂದರೆ ಪಂಕ್ತಿಯಲ್ಲಿ ಕೊನೆಗೆ ಕೂತವನ ಊಟ. ನಾವು ಮಾತ್ರ 37 ಗೆಲುವು, 31 ಗೆಲುವು, ಈ ವರ್ಷ 17. ಲೀಗ್‌ನಲ್ಲೇ ಕೊನೆ. ಡ್ರಾಫ್ಟ್‌ನ ಮೊದಲ ಸರದಿಗಳನ್ನು ಅದೃಷ್ಟದಿಂದ ಹಂಚುವ ಲಾಟರಿಯಲ್ಲಿ ಸಿಕ್ಕಿದ್ದು 5ನೇ ಸರದಿ.

ಅವಸರ ಒಂದನ್ನೇ ನೋಡಿದರೆ ಸಾಲದು. ಕೊಳ್ಳುವವರ ತಂಡದಲ್ಲಿ ಆಂಥನಿ ಎಡ್ವರ್ಡ್ಸ್‌ನಂಥ 20 ವರ್ಷದ ಹುಡುಗ ಇದ್ದರೆ ಅವರ ಪಿಕ್ ಯಾವತ್ತೂ ಮೇಲೆ ಬರುವುದಿಲ್ಲ.

ಓಕೆಸಿ_ಮುಂಜಾನೆ

ಈ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಕ್ಲಿಪ್ಪರ್ಸ್ ಪಿಕ್‌ಗಳೂ ಅಷ್ಟೇನೂ ಮೇಲೆ ಬರಲಿಲ್ಲ. 2022ರದ್ದು 12ನೇ ಸರದಿ, ಅಷ್ಟೇ. ಅದರಲ್ಲಿ ಸಿಕ್ಕಿದವನು ಜೇಲನ್ ವಿಲಿಯಮ್ಸ್. ಫೈನಲ್ಸ್ ಐದನೇ ಪಂದ್ಯದಲ್ಲಿ 40 ಪಾಯಿಂಟ್ ಹೊಡೆದನಲ್ಲ, ಅವನೇ. ಸಾಂಟಾ ಕ್ಲಾರಾ ಅನ್ನುವ ಸಣ್ಣ ಕಾಲೇಜಿನ ಹುಡುಗ.

ಅದಕ್ಕಿಂತ ಮುಖ್ಯ ಶೇ. ಟ್ರೇಡ್ ಆದಾಗ ಅವನಿಗೆ ಇನ್ನೂ 21 ತುಂಬಿರಲಿಲ್ಲ. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 10.8 ಪಾಯಿಂಟ್. ಅವತ್ತಿನ ಸುದ್ದಿಯಲ್ಲಿ ಎಲ್ಲರೂ ಎಣಿಸಿದ್ದು ಐದು ಪಿಕ್. ಶೇ ಹೆಸರನ್ನು ಜಾಸ್ತಿ ಜನ ಗಮನಿಸಲೇ ಇಲ್ಲ. ಈಗ ಅವನು ಒಂದೇ ವರ್ಷದಲ್ಲಿ ಎಂವಿಪಿ, ಫೈನಲ್ಸ್ ಎಂವಿಪಿ ಎರಡೂ.

ಲೆಕ್ಕದ_ಪುಸ್ತಕ (ಪುಣೆ)

ಇಲ್ಲಿ ಹೊಸಬರು ಇರಬಹುದು, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲ ಫಸ್ಟ್ ರೌಂಡ್ ಪಿಕ್ ಒಂದೇ ಅಲ್ಲ.

ಕೆಲವಕ್ಕೆ ರಕ್ಷಣೆ ಇರುತ್ತದೆ. ಆಲ್ ಹಾರ್ಫರ್ಡ್ ಟ್ರೇಡ್ ತೆಗೆದುಕೊಳ್ಳಿ. 2020ರಲ್ಲಿ ಫಿಲಡೆಲ್ಫಿಯಾ ತಂಡ ಹಾರ್ಫರ್ಡ್‌ನ ದೊಡ್ಡ ಸಂಬಳ ತಪ್ಪಿಸಿಕೊಳ್ಳಲು ಅವನ ಜೊತೆ 2025ರ ಪಿಕ್ ಸೇರಿಸಿ ಥಂಡರ್‌ಗೆ ಕೊಟ್ಟಿತು. ಷರತ್ತು: ಮೊದಲ ಆರರೊಳಗೆ ಬಂದರೆ ಪಿಕ್ ಫಿಲಡೆಲ್ಫಿಯಾದಲ್ಲೇ ಉಳಿಯುತ್ತದೆ. ಈ ಸೀಸನ್ ಅವರ ಸ್ಟಾರ್‌ಗಳೆಲ್ಲ ಗಾಯಗೊಂಡು ತಂಡ 24-58ಕ್ಕೆ (ಗೆಲುವು-ಸೋಲು) ಇಳಿಯಿತು. ಲಾಟರಿಯಲ್ಲಿ 3ನೇ ಸರದಿ. ಥಂಡರ್ ಕೈಗೆ ಬರಬೇಕಿದ್ದ ಪಿಕ್ ಮುಂದಿನ ವರ್ಷಕ್ಕೆ ಹೋಯಿತು. ಅದೇ ಪಿಕ್‌ಗೆ ರಕ್ಷಣೆ ಇಲ್ಲದಿದ್ದರೆ ಈ ಬಾರಿ ಕಪ್ ಗೆದ್ದ ತಂಡಕ್ಕೆ ಡ್ರಾಫ್ಟ್‌ನ 3ನೇ ಹುಡುಗ ಸಿಗುತ್ತಿದ್ದ.

ಇನ್ನೊಂದು, ಏಳು ವರ್ಷಕ್ಕಿಂತ ಆಚೆಯ ಪಿಕ್ ಕೊಡುವ ಹಾಗಿಲ್ಲ. ಸಾಲಾಗಿ ಎರಡು ವರ್ಷ ಮುಂದಿನ ಫಸ್ಟ್ ರೌಂಡ್ ಕೈಬಿಡುವ ಹಾಗೂ ಇಲ್ಲ. ಕ್ಲೀವ್‌ಲ್ಯಾಂಡ್‌ನ ಹಳೆಯ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನೆಲ್ಲ ಕೊಟ್ಟು ತಂಡ ಬರಿದು ಮಾಡಿದ್ದಕ್ಕೆ ಬಂದ ನಿಯಮ ಇದು. ಅದಕ್ಕೇ 2022, 2024, 2026 ಅಂತ ವರ್ಷ ಬಿಟ್ಟು ವರ್ಷ ಇರುವುದು, ನಡುವಿನ ವರ್ಷಕ್ಕೆ ಅದಲು ಬದಲು ಹಕ್ಕು ಹಾಕುವುದು.

ಸೀನಿಯರ್‌ನ ಕೊಡುವಾಗ ನಾನಾದರೆ ಮೊದಲು ಕೇಳುವುದು ರಕ್ಷಣೆ ಇಲ್ಲದ ಒಂದು ಪಿಕ್. ರಕ್ಷಣೆ ಇರುವ ಮೂರಕ್ಕಿಂತ ಅದು ಮೇಲು.

ಹಳೇ_ಸೆಂಟರ್ (ಮೈಸೂರು)

ನೀವೆಲ್ಲ ಪಿಕ್ ಬಗ್ಗೆ ಬರೆಯುತ್ತಿದ್ದೀರಿ. ನನ್ನ ಮನಸ್ಸು ಕ್ರಿಸ್ ಪಾಲ್ ಕಡೆ ಹೋಗುತ್ತಿದೆ.

ಪಾಲ್ ಜಾರ್ಜ್ ಹೋದ ಒಂದು ವಾರಕ್ಕೆ ರಸಲ್ ವೆಸ್ಟ್‌ಬ್ರೂಕ್ ಕೂಡ ಹೂಸ್ಟನ್‌ಗೆ ಹೋದ. ಬದಲಿಗೆ ಬಂದವನು ಕ್ರಿಸ್ ಪಾಲ್, ಜೊತೆಗೆ ಎರಡು ಪಿಕ್. ಅವನಿಗೆ ಆಗ 34 ವರ್ಷ, ಇನ್ನೂ ಮೂರು ವರ್ಷದ ದೊಡ್ಡ ಸಂಬಳ ಬಾಕಿ. ಅವನು ಹೊರೆ, ಬಂದ ಕೂಡಲೇ ಸಾಗಹಾಕುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಪ್ರೆಸ್ಟಿ ಅವನನ್ನು ಒಂದು ಸೀಸನ್ ಇಟ್ಟುಕೊಂಡರು. ತಂಡ 44-28. ಪ್ಲೇಆಫ್‌ನಲ್ಲಿ ಅದೇ ಹೂಸ್ಟನ್ ಎದುರು ಏಳನೇ ಪಂದ್ಯದ ತನಕ ಹೋದರು. ಕ್ರಿಸ್ ಪಾಲ್ ಮತ್ತೆ ಆಲ್‌ಸ್ಟಾರ್ (ವರ್ಷದ ಅಗ್ರ ಆಟಗಾರರಲ್ಲಿ ಒಬ್ಬ) ಆದ. ಅವನ ಪಕ್ಕದಲ್ಲಿ ಆಡಿದ ಶೇ 10.8ರಿಂದ 19ಕ್ಕೆ ಏರಿದ.

ಆಮೇಲೆ ಫೀನಿಕ್ಸ್‌ಗೆ ಕೊಟ್ಟರು. ಕೆಲಿ ಊಬ್ರೆ, ರಿಕಿ ರುಬಿಯೊ, ಇನ್ನಿಬ್ಬರು ಹುಡುಗರು, ಒಂದು ಫಸ್ಟ್ ರೌಂಡ್ ಪಿಕ್ ಬಂತು. ಒಂದು ವರ್ಷದ ಹಿಂದೆ ಹೊರೆ ಅನ್ನಿಸಿಕೊಂಡವನಿಗೆ ಬೆಲೆ ಬಂದಿತ್ತು. ಅವನೂ ಸಂತೋಷವಾಗಿ ಹೋದ, ಅಲ್ಲಿ ಫೈನಲ್ಸ್ ಆಡಿದ. ದಾರಿಯಲ್ಲಿ ಕ್ಲಿಪ್ಪರ್ಸ್‌ನ ಸೋಲಿಸಿದ ಪಂದ್ಯದಲ್ಲಿ 41 ಪಾಯಿಂಟ್!

ಇದು ನನ್ನ ಮನಸ್ಸಿಗೆ ಯಾಕೆ ಇಷ್ಟು ತಟ್ಟಿತು ಅಂದರೆ, ನಾನು ಹದಿನಾಲ್ಕು ವರ್ಷ ಒಂದು ಕ್ಲಬ್‌ಗೆ ಆಡಿದವನು. ಹೆಸರು ಬೇಡ. ಒಂದು ವರ್ಷ ಹೊಸ ತಂಡ ಕಟ್ಟುತ್ತೇವೆ ಅಂತ ಸೀನಿಯರ್‌ಗಳನ್ನೆಲ್ಲ ಒಂದೇ ಸಲಕ್ಕೆ ನಿಲ್ಲಿಸಿದರು. ಹುಡುಗರು ಪ್ರತಿಭಾವಂತರೇ. ಆದರೆ ಎದುರಿನವರು ಪೂರ್ತಿ ಕೋರ್ಟ್ ಒತ್ತಿ ಹಿಡಿದರೆ ಚೆಂಡು ಅರ್ಧ ಗೆರೆ ದಾಟುತ್ತಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕು ಅಂತ ಆಟದ ನಡುವೆ ಕೂಗಿ ಹೇಳುವವರೇ ಇರಲಿಲ್ಲ. ಅದನ್ನು ಕೋಚ್ ಹೊರಗಿಂದ ಹೇಳಿಕೊಡಲು ಆಗುವುದಿಲ್ಲ. ಎರಡು ವರ್ಷದಲ್ಲಿ ಆ ಹುಡುಗರಲ್ಲಿ ಮೂವರು ಆಟವನ್ನೇ ಬಿಟ್ಟರು. ಅವರನ್ನು ಈಗಲೂ ದಾರಿಯಲ್ಲಿ ನೋಡಿದರೆ ನನಗೆ ಸಂಕಟವಾಗುತ್ತದೆ.

ಡಲ್ಲಾಸ್_ಕನ್ನಡಿಗ

ಅಣ್ಣ, ಎಷ್ಟು ಸರಿಯಾಗಿ ಹೇಳಿದಿರಿ.

ನಾನು ಇಲ್ಲಿಂದ ಮೂರು ಗಂಟೆ ಕಾರು ಓಡಿಸಿ ಥಂಡರ್ ಆಟ ನೋಡಲು ಹೋಗುತ್ತೇನೆ. 2021-22ರಲ್ಲಿ ಹೋದಾಗ ಎಷ್ಟೋ ಸೀಟು ಖಾಲಿ. ಅದೇ ಸೀಸನ್, 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ 152-79. 73 ಪಾಯಿಂಟ್ ಅಂತರ, ಎನ್‌ಬಿಎ ಚರಿತ್ರೆಯಲ್ಲೇ ಅತಿ ದೊಡ್ಡ ಸೋಲು. ನನ್ನ ಮಗ ಆಗ ಆರು ವರ್ಷದವನು. ‘ಅಪ್ಪಾ, ಇವರು ಯಾಕೆ ಯಾವಾಗಲೂ ಸೋಲುತ್ತಾರೆ’ ಅಂತ ಕೇಳಿದ. ಡ್ರಾಫ್ಟ್, ಲಾಟರಿ ಅಂತ ಅವನಿಗೆ ಹೇಗೆ ಹೇಳಲಿ?

ಅದಕ್ಕೂ ಹಿಂದಿನ ವರ್ಷ ಹಾರ್ಫರ್ಡ್‌ನನ್ನು 28 ಪಂದ್ಯ ಆಡಿಸಿ ಕೂರಿಸಿಬಿಟ್ಟರು. ಗಾಯ ಏನೂ ಇರಲಿಲ್ಲ. ಅವನಿದ್ದರೆ ತಂಡ ಗೆಲ್ಲುತ್ತದೆ ಅನ್ನುವುದೇ ಕಾರಣ. ನನಗೆ ಅದು ಸರಿ ಕಾಣಲಿಲ್ಲ, ಈಗ ಕಪ್ ಬಂದ ಮೇಲೂ ಕಾಣುತ್ತಿಲ್ಲ. ಕ್ರಿಸ್ ಪಾಲ್‌ಗೆ ಮಾಡಿದ್ದು ಗೌರವ. ಹಾರ್ಫರ್ಡ್‌ಗೆ ಮಾಡಿದ್ದು ಹಾಗಲ್ಲ.

ನಮ್ಮೂರಿನ ತಂಡ ಈ ಫೆಬ್ರವರಿಯಲ್ಲಿ ಪೂರ್ತಿ ಉಲ್ಟಾ ಮಾಡಿತು. 25 ವರ್ಷದ ಲೂಕಾ ಡಾನ್ಸಿಚ್‌ನನ್ನು ಕೊಟ್ಟು 31 ವರ್ಷದ ಆಂಥನಿ ಡೇವಿಸ್‌ನನ್ನು ತಂದರು, ಜೊತೆಗೆ ಬಂದಿದ್ದು ಒಂದೇ ಫಸ್ಟ್ ರೌಂಡ್ ಪಿಕ್. ಆಮೇಲೆ 1.8% ಅವಕಾಶದಲ್ಲಿ ಲಾಟರಿ ಹೊಡೆದು ಮೊದಲ ಸರದಿಗೆ ಕೂಪರ್ ಫ್ಲ್ಯಾಗ್ ಸಿಕ್ಕಿದ. ಅದು ದೇವರು ಕೊಟ್ಟಿದ್ದು, ಯಾರೂ ಯೋಚಿಸಿ ಮಾಡಿದ್ದಲ್ಲ.

ಓಕೆಸಿ_ಮುಂಜಾನೆ

ಹಾರ್ಫರ್ಡ್ ವಿಷಯದಲ್ಲಿ ನನಗೂ ಬೇಜಾರಿದೆ. ಆದರೂ ಒಂದು ಮಾತು. ಕೂರಿಸಿದ ಮೂರು ತಿಂಗಳಿಗೆ ಅವನನ್ನು ಅವನಿಗೆ ಪ್ರಿಯವಾದ ಬಾಸ್ಟನ್‌ಗೇ ಕಳಿಸಿದರು. ಅಲ್ಲಿ ಅವನೂ ಕಪ್ ಎತ್ತಿದ. ಆ ಟ್ರೇಡ್‌ನಲ್ಲಿ ನಮಗೆ ಕೆಂಬಾ ವಾಕರ್ ಮತ್ತು 16ನೇ ಪಿಕ್ ಬಂತು.

ಲೆಕ್ಕದ_ಪುಸ್ತಕ

ಆ 16ನೇ ಪಿಕ್ ಕಥೆಯನ್ನೂ ಪೂರ್ತಿ ಹೇಳಬೇಕು ಅಲ್ವಾ. ಅದರಲ್ಲಿ ಆರಿಸಿದ್ದು ಆಲ್ಪರೆನ್ ಶೆಂಗುನ್‌ನನ್ನು. ಅವನನ್ನು ಆವತ್ತೇ ಹೂಸ್ಟನ್‌ಗೆ ಕೊಟ್ಟು ರಕ್ಷಣೆ ಇರುವ ಎರಡು ಪಿಕ್ ತೆಗೆದುಕೊಂಡರು. ಈ ವರ್ಷ ಶೆಂಗುನ್ ಆಲ್‌ಸ್ಟಾರ್. ಪಿಕ್ ಕೂಡಿಡುವ ಚಟಕ್ಕೆ ಬಿದ್ದರೆ ಕೈಗೆ ಬಂದ ಆಟಗಾರ ಕಾಣುವುದಿಲ್ಲ. ಥಂಡರ್ ಕೂಡ ತಪ್ಪು ಮಾಡಿದೆ. ಶೇ ಮತ್ತು ವಿಲಿಯಮ್ಸ್ ಆ ತಪ್ಪನ್ನು ಮುಚ್ಚಿದರು.

ಇಂಡಿಯಾನಾ_ಮನೆ (ಇಂಡಿಯಾನಾಪೊಲಿಸ್)

ನಾನು ಸೋತ ಕಡೆಯವಳು. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಟೈರೀಸ್ ಹಾಲಿಬರ್ಟನ್ ಹಿಮ್ಮಡಿ ನರ ಹರಿದುಕೊಂಡು ಬಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ನಿಮಗೆಲ್ಲ ಒಂದು ವಿಷಯ ನೆನಪಿಸಲೇಬೇಕು. ಪಾಲ್ ಜಾರ್ಜ್ ಮೊದಲು ನಮ್ಮವನು. 2017ರಲ್ಲಿ ಅವನು ಹೋಗುತ್ತೇನೆ ಅಂದಾಗ ನಾವು ಓಕ್ಲಹೋಮಾಗೆ ಕೊಟ್ಟೆವು. ನಮಗೆ ಬಂದಿದ್ದು ವಿಕ್ಟರ್ ಒಲಡೀಪೊ, ಡೊಮಾಂಟಸ್ ಸಬೋನಿಸ್. ಒಂದು ಪಿಕ್ ಕೂಡ ಇರಲಿಲ್ಲ. ಮೋಸ ಹೋದರು ಅಂತ ಎಲ್ಲರೂ ಬರೆದರು. ಮೊದಲ ವರ್ಷವೇ ನಾವು 48 ಪಂದ್ಯ ಗೆದ್ದೆವು. ಇಬ್ಬರೂ ಆಲ್‌ಸ್ಟಾರ್ ಆದರು. 2022ರಲ್ಲಿ ಸಬೋನಿಸ್‌ನ ಸ್ಯಾಕ್ರಮೆಂಟೊಗೆ ಕೊಟ್ಟು ತಂದಿದ್ದೇ ಹಾಲಿಬರ್ಟನ್‌ನನ್ನು.

ನೋಡಿ, ಈ ಫೈನಲ್ಸ್ ಆಡಿದ ಎರಡೂ ತಂಡ ಪಾಲ್ ಜಾರ್ಜ್‌ನನ್ನು ಕೊಟ್ಟು ಬೆಳೆದವು. ಅವನನ್ನು ಕೊಂಡ ಕ್ಲಿಪ್ಪರ್ಸ್ 2021ರಲ್ಲಿ ಒಮ್ಮೆ ವೆಸ್ಟ್ ಫೈನಲ್ ಕಂಡಿತು, 2024ರಲ್ಲಿ ಅವನು ಬಿಟ್ಟು ಹೋದಾಗ ಏನೂ ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ, ವರ್ಷಗಟ್ಟಲೆ ಸೋಲುವುದೊಂದೇ ದಾರಿಯಲ್ಲ. ನಾವು ಒಂದೇ ಒಂದು ಸೀಸನ್ 25 ಗೆಲುವಿಗೆ ಇಳಿದೆವು. ಮಿಕ್ಕ ಕಾಲವೆಲ್ಲ ಆಡುವ ಹುಡುಗನಿಗೆ ಆಡುವ ಹುಡುಗನನ್ನೇ ಕೇಳಿದೆವು. ಕೊನೆಗೆ 2024ರಲ್ಲಿ ಮೂರು ಫಸ್ಟ್ ರೌಂಡ್ ಪಿಕ್ ನಾವೇ ಕೊಟ್ಟು ಪಾಸ್ಕಲ್ ಸಿಯಾಕಮ್ ಎಂಬ ಸೀನಿಯರ್‌ನ ತಂದೆವು. ಈಸ್ಟ್ ಫೈನಲ್‌ನ ಎಂವಿಪಿ ಅವನೇ. ಪಿಕ್ ಅನ್ನುವುದು ಕೂಡಿಟ್ಟು ಪೂಜೆ ಮಾಡುವುದಕ್ಕಲ್ಲ, ಖರ್ಚು ಮಾಡುವುದಕ್ಕೆ.

ಓಕೆಸಿ_ಮುಂಜಾನೆ

ಅಕ್ಕ, ಹಾಲಿಬರ್ಟನ್ ಬಿದ್ದಾಗ ನಾನೂ ಎದ್ದು ನಿಂತುಬಿಟ್ಟೆ. ಹಾಗೆ ಗೆಲ್ಲುವುದು ನನಗೂ ಬೇಕಿರಲಿಲ್ಲ.

ಖರ್ಚು ಮಾಡುವ ಮಾತು ನಿಜ. ನಾವೂ 2024ರಲ್ಲಿ ಡ್ರಾಫ್ಟ್‌ನ 6ನೇ ಹುಡುಗ ಜಾಶ್ ಗಿಡ್ಡಿಯನ್ನು ಶಿಕಾಗೊಗೆ ಕೊಟ್ಟು 30 ವರ್ಷದ ಆಲೆಕ್ಸ್ ಕರೂಸೊನನ್ನು ತಂದೆವು. ಆಗ ಇಲ್ಲೇ ಎಷ್ಟೋ ಜನ ಬೈದಿದ್ದರು. ಈ ಪ್ಲೇಆಫ್‌ನಲ್ಲಿ ಅವನು ಡೆನ್ವರ್‌ನ ನಿಕೊಲಾ ಯೋಕಿಚ್‌ನನ್ನು ಮೈಮೇಲೆ ಬಿದ್ದು ತಡೆದಿದ್ದನ್ನು ಯಾರೂ ಮರೆಯಲ್ಲ. ಯೋಕಿಚ್ ಅವನಿಗಿಂತ ಅರ್ಧ ಅಡಿ ಎತ್ತರ!

ಹಳೇ_ಸೆಂಟರ್

ಅದೇ ಕಣಪ್ಪ ನಾನು ಹೇಳಿದ್ದು. ಹುಡುಗರ ನಡುವೆ ಹಾಗೆ ಬಿದ್ದು ಎದ್ದು ತೋರಿಸುವವನು ಒಬ್ಬ ಬೇಕು.

ಜಾಝ್_ಹುಡುಗ

ನಿಮ್ಮ ಮಾತೆಲ್ಲ ಓದಿದ ಮೇಲೆ ನಮ್ಮ ತಪ್ಪು ಎಲ್ಲಿ ಅಂತ ಕಾಣುತ್ತಿದೆ. 2022ರಲ್ಲಿ ನಾವು 10-3 ಅಂತ ಶುರು ಮಾಡಿದೆವು. ಮೈಕ್ ಕಾನ್ಲಿ ಇದ್ದ, ಆಟ ಚೆನ್ನಾಗಿತ್ತು. ಫೆಬ್ರವರಿಯಲ್ಲಿ ಅವನನ್ನು ಕಳಿಸಿದೆವು. ಆದರೂ 37 ಗೆಲುವು, 9ನೇ ಸರದಿ. ಆ ಡ್ರಾಫ್ಟ್‌ನ ಮೊದಲ ಹುಡುಗ ವಿಕ್ಟರ್ ವೆಂಬನ್ಯಾಮ ಸ್ಯಾನ್ ಆಂಟೊನಿಯೊಗೆ ಹೋದ. ಪೂರ್ತಿ ಇಳಿಯಲೂ ಇಲ್ಲ, ಪೂರ್ತಿ ಏರಲೂ ಇಲ್ಲ.

ಮಾರ್ಕನೆನ್ ಆ ವರ್ಷ ಆಲ್‌ಸ್ಟಾರ್ ಆಗಿದ್ದ. ಅವನನ್ನು ಕೇಳುವವರು ಆಗ ಇದ್ದರು. ನಾವು 2024ರ ಆಗಸ್ಟ್‌ನಲ್ಲಿ ಹೊಸ ಒಪ್ಪಂದ ಮಾಡಿದೆವು, ಐದು ವರ್ಷಕ್ಕೆ ಸುಮಾರು 23.8 ಕೋಟಿ ಡಾಲರ್. ನನಗೆ ಆಗ ಖುಷಿಯಾಗಿತ್ತು. ಒಬ್ಬನಾದರೂ ನಮ್ಮವನಾಗಿ ಉಳಿದ ಅಂತ.

ಈಗ ಸೆಕ್ಸ್‌ಟನ್ ಕೂಡ ಹೋದ. ಶಾರ್ಲಟ್‌ನಿಂದ ಯೂಸುಫ್ ನೂರ್ಕಿಚ್ ಬಂದ. ಮೇಲೆ ಒಂದು ಸೆಕೆಂಡ್ ರೌಂಡ್ ಪಿಕ್ ಕೂಡ ನಾವೇ ಕೊಟ್ಟೆವು.

ಹಸಿರು_18

ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಸೆಕ್ಸ್‌ಟನ್ ಹೆಸರು ನೋಡಿ ಒಂದು ನೆನಪಾಯಿತು. ನಾನು ಮೇಲೆ ಬ್ರೂಕ್ಲಿನ್‌ನ 2018ರ ಪಿಕ್ ಏನಾಯಿತು ಅಂತ ಬರೆದಿರಲಿಲ್ಲ. ಅದನ್ನು ಬಾಸ್ಟನ್ ಕೈರಿ ಅರ್ವಿಂಗ್‌ಗಾಗಿ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತ್ತು. ಕ್ಲೀವ್‌ಲ್ಯಾಂಡ್ ಅದರಲ್ಲಿ 8ನೇ ಸರದಿಗೆ ಆರಿಸಿದ್ದು ಕಾಲಿನ್ ಸೆಕ್ಸ್‌ಟನ್‌ನನ್ನೇ. ಮಿಚೆಲ್ ಟ್ರೇಡ್‌ನಲ್ಲಿ ಅವನು ನಿಮ್ಮ ಹತ್ತಿರ ಬಂದ. 2013ರಲ್ಲಿ ಗಾರ್ನೆಟ್‌ನನ್ನೂ ಪಿಯರ್ಸ್‌ನನ್ನೂ ಕೊಟ್ಟ ಟ್ರೇಡ್‌ನ ಒಂದು ಎಳೆ ಹನ್ನೆರಡು ವರ್ಷ ನಾಲ್ಕು ಊರು ಸುತ್ತಿ ಈಗ ಶಾರ್ಲಟ್‌ಗೆ ಹೋಗಿದೆ.

ಜಾಝ್_ಹುಡುಗ

ಸರ್, ಇದನ್ನು ಓದಿ ಐದು ನಿಮಿಷ ಸುಮ್ಮನೆ ಕೂತೆ.

ಹಾಗಾದರೆ ಕೇಳುತ್ತೇನೆ. ಮಾರ್ಕನೆನ್‌ಗೆ ಈಗ 28. ಕೆಸ್ಲರ್ ಇದ್ದಾನೆ, ಈ ವಾರ 5ನೇ ಸರದಿಗೆ ಏಸ್ ಬೇಲಿ ಬಂದಿದ್ದಾನೆ, ಇವರಿಗೆ ಕಲಿಸಲು ಒಬ್ಬ ಬೇಕು. ಅದು ಮಾರ್ಕನೆನ್ ಆಗಲಿ ಅಂತ ನನ್ನ ಆಸೆ. ಕೊಡಲೇಬೇಕು ಅಂದರೆ ರಕ್ಷಣೆ ಇಲ್ಲದ ಒಂದು ದೂರದ ಪಿಕ್, ಜೊತೆಗೆ ಇನ್ನೂ ಯಾರೂ ಗಮನಿಸದ 20 ವರ್ಷದ ಒಬ್ಬ ಹುಡುಗ. ಇಷ್ಟಕ್ಕೆ ಕಡಿಮೆ ಬೇಡ. ಅಷ್ಟು ಅವಸರ ಇರುವ, ಒಳಗೆ ಎಡ್ವರ್ಡ್ಸ್‌ನಂಥ ಹುಡುಗ ಇಲ್ಲದ ತಂಡ ಯಾವುದು ಅಂತ ನಿಮಗೆ ಅನ್ನಿಸಿದರೆ ಇಲ್ಲೇ ಬರೆಯಿರಿ. ನಾನು ಒಂದೊಂದೇ ತಂಡದ ಪಿಕ್ ಪಟ್ಟಿ ತೆಗೆದು ನೋಡಲು ಕೂತಿದ್ದೇನೆ.